ನೀರು ಇಳಿಯದ ಕುಂಡ

ರೋಸ್‌ಕ್ಯಾನಿನಿಂದ ಹಾಕಿದ ನೀರು ಮಣ್ಣಿನ ಮೇಲೆ ಹಾಗೇ ನಿಂತುಬಿಟ್ಟಿತು. ನಾಲ್ಕು ಬೆರಳು ಆಳವೂ ಇಲ್ಲದ ಕುಂಡ, ಅದರ ಮೇಲೊಂದು ಅಂಗೈಯಗಲದ ಕೆರೆ, ಕೆರೆಯೊಳಗೆ ನನ್ನ ಬೋನ್ಸಾಯ್ ಫೈಕಸ್ ಮರ ತಲೆಕೆಳಗಾಗಿ ನಿಂತಿದೆ. ನೋಡಲಿಕ್ಕೇನೋ ಚೆಂದವೇ. ಸುಮ್ಮನೆ ಎಣಿಸುತ್ತಾ ಕೂತೆ. 140 ದಾಟಿದ ಮೇಲೆ ಆ ನೀರು ಮೆಲ್ಲಗೆ ಅಂಚಿಗೆ ಸರಿದು, ಮಣ್ಣಿಗೂ ಕುಂಡದ ಗೋಡೆಗೂ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಜಾರಿ, ಅಡಿಯ ತೂತಿನಿಂದ ಸೋರಿಹೋಯಿತು. ಮೇಲ್ಮಣ್ಣನ್ನು ಉಗುರಿನಿಂದ ಕೆರೆದು ನೋಡಿದರೆ ಅರ್ಧ ಅಂಗುಲದ ಕೆಳಗೆ ಒಣಗಿಯೇ ಇತ್ತು.

ಇದೇ ಮರವನ್ನು ಈ ಕುಂಡದಲ್ಲಿ ಕೂರಿಸಿದ ಹೊಸತರಲ್ಲಿ ಹತ್ತು ಎಣಿಸುವುದರೊಳಗೆ ನೀರು ಮಾಯವಾಗುತ್ತಿತ್ತು. ಹತ್ತು ಯಾವಾಗ ಇಪ್ಪತ್ತಾಯಿತು, ಇಪ್ಪತ್ತು ಯಾವಾಗ ನೂರಾಯಿತು, ನನಗೆ ತಿಳಿಯಲೇ ಇಲ್ಲ. ದಿನಾ ನೋಡುವವನಿಗೆ ಕಾಣದ ಬದಲಾವಣೆ ಅದು. ನಾಲ್ಕು ವರ್ಷ ನಾನು ನೋಡಿದ್ದೆಲ್ಲ ನೆಲದ ಮೇಲಿನದನ್ನೇ. ಯಾವ ರೆಂಬೆಗೆ ತಂತಿ ಸುತ್ತಬೇಕು, ಯಾವ ಚಿಗುರು ಚಿವುಟಬೇಕು ಅನ್ನುವುದರಲ್ಲೇ ಮುಳುಗಿದ್ದೆ. ಹೊಸ ಎಲೆಗಳು ಸಣ್ಣಸಣ್ಣದಾಗಿ ಬರತೊಡಗಿದಾಗ ಹಿಗ್ಗಿದ್ದೆ ಕೂಡ. ಬೋನ್ಸಾಯ್‌ನಲ್ಲಿ ಸಣ್ಣ ಎಲೆ ಅಂದರೆ ಸಾಧನೆ ತಾನೆ? ನನ್ನ ಕೈ ಪಳಗಿತು ಅಂದುಕೊಂಡೆ. ಮರ ಹಸಿದಿದೆ ಅನ್ನುವುದು ಹೊಳೆಯಲಿಲ್ಲ. ಆಮೇಲೆ ಒಳಗಿನ ಎಲೆಗಳು ಹಳದಿಯಾಗಿ ಉದುರತೊಡಗಿದವು, ಎರಡು ಸಣ್ಣ ಕೊಂಬೆಗಳ ತುದಿ ಒಣಗಿತು. ಗೊಬ್ಬರ ಹಾಕಿದೆ. ಇನ್ನಷ್ಟು ಉದುರಿತು. ಉಸಿರು ಕಟ್ಟಿದವನಿಗೆ ಊಟ ಬಡಿಸಿದ ಹಾಗೆ.

ಕುಂಡ ಬದಲಿಸಬೇಕು ಅನ್ನುವುದು ಗೊತ್ತಿರಲಿಲ್ಲವೆಂದಲ್ಲ. ಹೆದರಿಕೆ. ಅದಕ್ಕೊಂದು ಹಳೆಯ ಕಾರಣವಿದೆ.

ಈ ಹವ್ಯಾಸದ ಮೊದಲ ವರ್ಷ ನನ್ನ ಹತ್ತಿರ ಒಂದು ಜುನಿಪರ್ ಇತ್ತು, ಪೈನ್‌ನ ಹಾಗೆ ಸದಾ ಹಸಿರಾಗಿರುವ ಮರ. ಎಲ್ಲೋ ಓದಿದ ಅರ್ಧಂಬರ್ಧ ವಿದ್ಯೆಯಲ್ಲಿ ಅದನ್ನು ಕುಂಡದಿಂದ ಕಿತ್ತು, ಪೈಪಿನ ನೀರಿಗೆ ಹಿಡಿದು, ಒಂದು ಚೂರೂ ಮಣ್ಣು ಉಳಿಯದ ಹಾಗೆ ಬೇರು ತೊಳೆದೆ. ತೊಳೆದ ಬೇರು ನೋಡಿ ಖುಷಿಯೋ ಖುಷಿ, ಬಾಚಿದ ಕೂದಲಿನ ಹಾಗಿತ್ತು. ಹೊಸ ಮಣ್ಣಲ್ಲಿ ನೆಟ್ಟೆ. ಒಂದು ವಾರ ಹಸಿರು, ಎರಡು ವಾರ ಹಸಿರು, ಐದು ವಾರವೂ ಹಸಿರು. ಗೆದ್ದೆ ಅಂದುಕೊಂಡೆ. ಆರನೇ ವಾರ ಯಾಕೋ ಬಣ್ಣದಲ್ಲಿ ಹೊಳಪಿಲ್ಲ ಅನಿಸಿ ಒಂದು ತುದಿಯನ್ನು ಬೆರಳಲ್ಲಿ ಹಿಡಿದೆ. ಪುಡಿಯಾಯಿತು. ಜುನಿಪರ್‌ನ ಗುಣವೇ ಅದು. ಬೇರು ಸತ್ತು ವಾರಗಟ್ಟಲೆಯಾದರೂ ಮೇಲಿನ ಹಸಿರು ಸುದ್ದಿ ಬಿಟ್ಟುಕೊಡುವುದಿಲ್ಲ. ಕೊನೆಯ ಒಂದು ತಿಂಗಳು ನಾನು ನೀರು ಹಾಕಿದ್ದು ಬಹುಶಃ ಹೆಣಕ್ಕೆ.

ಅಂದಿನಿಂದ ಬೇರಿನ ಕೆಲಸವೆಂದರೆ ಮುಂದಿನ ವರ್ಷಕ್ಕೆ ದೂಡುವುದೇ ರೂಢಿಯಾಯಿತು. ಅದಕ್ಕೆ ಒಂದು ಸಬೂಬೂ ಸಿಕ್ಕಿತ್ತು: ಬೋನ್ಸಾಯ್ ಅಂದರೆ ಬೇರನ್ನು ಇಕ್ಕಟ್ಟಿನಲ್ಲಿ ಇಟ್ಟು ಮರವನ್ನು ಕುಳ್ಳಗಿಡುವುದಲ್ಲವೆ, ಇಕ್ಕಟ್ಟಾದಷ್ಟೂ ಒಳ್ಳೆಯದು. ತಪ್ಪು ಲೆಕ್ಕ. ಮರವನ್ನು ಚಿಕ್ಕದಾಗಿಡುವುದು ಮುಖ್ಯವಾಗಿ ಮೇಲಿನ ಕತ್ತರಿ. ಕುಂಡದಲ್ಲಿ ಬೇರು ಹೆಣೆದುಕೊಂಡು ಗಟ್ಟಿಯಾದರೆ ಮರ ಕುಳ್ಳಗಾಗುವುದಿಲ್ಲ, ಸೊರಗುತ್ತದೆ. ಜಪಾನೀ ಮಾತಿನಲ್ಲಿ ‘ಬೋನ್’ ಅಂದರೆ ತಟ್ಟೆಯಂಥ ಕುಂಡ, ‘ಸಾಯ್’ ಅಂದರೆ ನೆಟ್ಟದ್ದು. ತಟ್ಟೆಯಲ್ಲಿ ನೆಟ್ಟದ್ದಕ್ಕೆ ಓಡಿಹೋಗಲು ಜಾಗವಿಲ್ಲ. ಅದಕ್ಕೇ ಆಗಾಗ ಬೇರು ಬಿಡಿಸಿ, ಹಳತನ್ನು ಕತ್ತರಿಸಿ, ಹೊಸದಕ್ಕೆ ಎಡೆ ಮಾಡಿಕೊಡಬೇಕು. ಬೇರೆ ಗಿಡಗಳಿಗೆ ಮಾಡುವ ಹಾಗೆ ದೊಡ್ಡ ಕುಂಡಕ್ಕೆ ಬಡ್ತಿ ಕೊಡುವ ಕೆಲಸವಲ್ಲ ಇದು. ಸಾಮಾನ್ಯವಾಗಿ ಮರ ಮರಳುವುದು ಅದೇ ಕುಂಡಕ್ಕೆ.

ಹೀಗೆ ಮಾಡಿದರೆ ಮರ ಎಷ್ಟು ಕಾಲ ಬಾಳಬಹುದು ಅನ್ನುವುದಕ್ಕೆ ವಾಷಿಂಗ್ಟನ್‌ನ ರಾಷ್ಟ್ರೀಯ ಬೋನ್ಸಾಯ್ ವಸ್ತುಸಂಗ್ರಹಾಲಯದಲ್ಲಿರುವ ಒಂದು ಬಿಳಿ ಪೈನ್ ಸಾಕ್ಷಿ. 1625ರಿಂದ ಕುಂಡದಲ್ಲಿ ಪಳಗಿಸಿಕೊಂಡು ಬಂದ ಮರವಂತೆ. 1945ರಲ್ಲಿ ಹಿರೋಷಿಮಾದ ಮೇಲೆ ಬಾಂಬು ಬಿದ್ದಾಗ ಯಮಾಕಿ ಎಂಬ ಬೋನ್ಸಾಯ್ ಕುಟುಂಬದ ಅಂಗಳದ ಗೋಡೆಯ ಮರೆಯಲ್ಲಿದ್ದು ಉಳಿದುಕೊಂಡಿತು. 1976ರಲ್ಲಿ ಅಮೆರಿಕಕ್ಕೆ ಉಡುಗೊರೆಯಾಗಿ ಹೋಯಿತು. ಬಾಂಬಿನ ಕತೆ ಆ ಸಂಗ್ರಹಾಲಯದವರಿಗೆ ಗೊತ್ತಾದದ್ದು 2001ರಲ್ಲಿ, ಯಮಾಕಿಯವರ ಮೊಮ್ಮಕ್ಕಳು ಮರ ನೋಡಲು ಬಂದಾಗ. ಎಲ್ಲರೂ ಹೇಳುವುದು ಬಾಂಬಿನ ಕತೆಯನ್ನೇ. ನನಗೆ ಕುತೂಹಲ ಬೇರೆ ಕಡೆಗೆ. ಆ ನಾಲ್ಕು ಶತಮಾನಗಳಲ್ಲಿ ಎಷ್ಟು ಕೈಗಳು ಅದರ ಬೇರು ಬಿಡಿಸಿರಬೇಕು! ಅಷ್ಟು ಜನರಿಗೆ ಸಾಧ್ಯವಾದದ್ದು ನನಗೆ ಯಾಕಾಗಬಾರದು ಎಂದು ಧೈರ್ಯ ತಂದುಕೊಂಡೆ.

ಮರಕ್ಕಿಂತ ಮೊದಲು ಮಣ್ಣು. ಮಣ್ಣು ಅನ್ನುವ ಮಾತೇ ಇಲ್ಲಿ ದಾರಿ ತಪ್ಪಿಸುತ್ತದೆ. ಬೋನ್ಸಾಯ್ ಕುಂಡದಲ್ಲಿ ಇರುವುದು ಕಾಳು: ಅಕಾಡಮಾ ಎಂಬ ಜಪಾನಿನ ಜೇಡಿಕಾಳು, ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲು, ಲಾವಾ ಕಲ್ಲು. ಇವು ಸಿಗದ ಕಡೆ ಗಟ್ಟಿಯಾಗಿ ಸುಟ್ಟ ಇಟ್ಟಿಗೆಯ ಚೂರು, ದಪ್ಪ ಮರಳು ಬಳಸುವವರೂ ಇದ್ದಾರೆ. ಹೆಸರಿಗಿಂತ ಗಾತ್ರ ಮುಖ್ಯ. ಎರಡು ಕಾಳುಗಳ ನಡುವೆ ಗಾಳಿ ನಿಲ್ಲಬೇಕು. ಬೇರು ಉಸಿರಾಡುತ್ತದೆ, ಅದಕ್ಕೂ ಆಮ್ಲಜನಕ ಬೇಕು ಅನ್ನುವುದನ್ನು ಶಾಲೆಯಲ್ಲೇ ಓದಿದ್ದೆ. ಕೈಗೆ ಅದು ಅರ್ಥವಾಗಲಿಕ್ಕೆ ಒಂದು ಸ್ಪಂಜು ಬೇಕಾಯಿತು.

ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ, ಚಪ್ಪಟೆಯಾಗಿ ಎತ್ತಿ ಹಿಡಿಯಿರಿ. ಸ್ವಲ್ಪ ಹೊತ್ತು ಸೋರಿ ನಿಲ್ಲುತ್ತದೆ. ಈಗ ಅದನ್ನೇ ನೆಟ್ಟಗೆ, ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ, ಒಳಗಿನ ತೂತುಗಳೂ ಅವೇ. ಅಡಿಯಲ್ಲಿ ಒಂದಿಷ್ಟು ಎತ್ತರದವರೆಗೆ ನೀರನ್ನು ಅದು ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಆ ಎತ್ತರ ತೂತುಗಳ ಗಾತ್ರದ ಮೇಲೆ ನಿಂತಿದೆಯೇ ಹೊರತು ಸ್ಪಂಜಿನ ಎತ್ತರದ ಮೇಲಲ್ಲ. ಆಳದ ಕುಂಡದಲ್ಲಿ ಈ ನೀರಿನ ಪದರ ಎಲ್ಲೋ ತಳದಲ್ಲಿರುತ್ತದೆ, ಬೇರಿಗೆ ಮೇಲೆ ಜಾಗವಿದೆ. ನಾಲ್ಕು ಬೆರಳಿನ ಕುಂಡದಲ್ಲಿ ಅದೇ ಪದರ ಅರ್ಧ ಕುಂಡವನ್ನೇ ನುಂಗುತ್ತದೆ. ಪುಡಿಮಣ್ಣಾದರೆ ಪೂರ್ತಿ ಕುಂಡವನ್ನು.

ಇದು ತಲೆಗೆ ಹತ್ತಿದ ಮೇಲೆ ನನ್ನ ಇನ್ನೊಂದು ಹಳೆಯ ಜಾಣತನವೂ ಬಯಲಾಯಿತು. ನೀರು ಬಸಿಯಲಿ ಅಂತ ಕುಂಡದ ತಳಕ್ಕೆ ಜಲ್ಲಿ ಹರಡಿ ಮೇಲೆ ಸಣ್ಣ ಮಣ್ಣು ತುಂಬುತ್ತಿದ್ದೆ. ಸಣ್ಣ ಮಣ್ಣಿನ ನೀರು ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ, ಜಲ್ಲಿಯ ಮೇಲೆಯೇ ನಿಲ್ಲುತ್ತದೆ. ಅಂದರೆ ನೀರಿನ ಪದರವನ್ನು ಎತ್ತಿ ಬೇರಿನ ಬಾಯಿಗೇ ಇಟ್ಟ ಹಾಗಾಯಿತು. ಈಗಲೂ ಅನೇಕರು ತಳಪದರ ಹಾಕುತ್ತಾರೆ, ಹಾಕಲಿ. ನಾನು ಬಿಟ್ಟೆ.

ಜರಡಿ ಹಿಡಿಯುವ ಕೆಲಸ ಹೇಳಿಕೊಳ್ಳುವಂಥದ್ದೇನಲ್ಲ. ಎರಡು ಜರಡಿ, 6 ಮಿಲಿಮೀಟರಿಗಿಂತ ದೊಡ್ಡದು ಪಕ್ಕಕ್ಕೆ, 2 ಮಿಲಿಮೀಟರಿಗಿಂತ ಸಣ್ಣದು ಹೊರಗೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಚೀಲದ ಹತ್ತಿರಹತ್ತಿರ ಕಾಲು ಭಾಗ ಬರೀ ಧೂಳಾಗಿ ಹೋದಾಗ ಹೊಟ್ಟೆ ಉರಿಯಿತು. ಆದರೆ ಹತ್ತು ಎಣಿಸುವುದನ್ನು ನೂರ ನಲವತ್ತಕ್ಕೆ ಏರಿಸಿದ್ದು ಇದೇ ಧೂಳು. ನೀರಿನ ಜತೆ ಇಳಿದಿಳಿದು ಕಾಳಿನ ಸಂದಿಗಳನ್ನೆಲ್ಲ ಮುಚ್ಚುತ್ತದೆ.

ಕಾಲದ ವಿಷಯ. ಎಲೆ ಉದುರಿಸುವ ಮರಗಳಿಗೆ ಚಳಿಗಾಲ ಮುಗಿದು ಮೊಗ್ಗು ಉಬ್ಬಿ, ಇನ್ನೂ ಬಿಚ್ಚದಿರುವ ಹೊತ್ತು ಹದ. ಕೂಡಿಟ್ಟ ಶಕ್ತಿ ಆಗ ಚಿಗುರಿಗೆ ಹೊರಡಲು ಸಜ್ಜಾಗಿರುತ್ತದೆ, ಕತ್ತರಿಸಿದ ಬೇರೂ ಅದರಲ್ಲೇ ಚೇತರಿಸಿಕೊಳ್ಳುತ್ತದೆ. ಎಳೆಯ ಮರಕ್ಕೆ ಒಂದೆರಡು ವರ್ಷಕ್ಕೊಮ್ಮೆ, ವಯಸ್ಸಾದ ಪೈನ್‌ಗೆ ಮೂರರಿಂದ ಐದು ವರ್ಷಕ್ಕೋ ಇನ್ನೂ ತಡವಾಗಿಯೋ. ಕ್ಯಾಲೆಂಡರಿಗಿಂತ ನೀರು ಇಳಿಯುವ ವೇಗವನ್ನು ನಂಬುವುದು ಮೇಲು. ಫೈಕಸ್ ಬಿಸಿನಾಡಿನ ಮರ, ಆಲ ಅತ್ತಿಗಳ ಬಳಗ. ಅದಕ್ಕೆ ಬೆಚ್ಚಗಿನ ರಾತ್ರಿಗಳು ಬೇಕು, ಬೆಳವಣಿಗೆಯ ಭರಾಟೆಯಲ್ಲಿರಬೇಕು. ರಾತ್ರಿಯ ಉಷ್ಣಾಂಶ 18 ಡಿಗ್ರಿಯ ಕೆಳಗೆ ಇಳಿಯದ ಒಂದು ವಾರ ನೋಡಿಕೊಂಡು, ಹಿಂದಿನ ದಿನ ನೀರು ತಪ್ಪಿಸಿ, ಮೋಡ ಕವಿದ ಬೆಳಿಗ್ಗೆ ಮೇಜಿನ ಮೇಲೆ ಗೋಣಿ ಹಾಸಿದೆ.

ಮೊದಲ ತಪ್ಪು ಮೊದಲ ನಿಮಿಷದಲ್ಲೇ. ಬೊಡ್ಡೆ ಹಿಡಿದು ಎಳೆದೆ, ಬರಲಿಲ್ಲ. ಅಲ್ಲಾಡಿಸಿ ಎಳೆದೆ. ಒಳಗೆಲ್ಲೋ ‘ಟಪ್’ ಅಂತ ಒಂದು ಬೇರು ಹರಿದ ಸದ್ದು. ಆಗ ನೆನಪಾಯಿತು: ನಾಲ್ಕು ವರ್ಷದ ಹಿಂದೆ ಮರ ಅಲುಗದಿರಲಿ ಅಂತ ತಳದ ತೂತಿನಿಂದ ತಂತಿ ತಂದು ಕಟ್ಟಿದ್ದೆನಲ್ಲ! ಕುಂಡ ಮಗುಚಿ ಅಡಿಯ ತಂತಿ ಕತ್ತರಿಸಿದೆ. ಆಮೇಲೆ ಉದ್ದನೆಯ ಚಾಕುವನ್ನು ಕುಂಡದ ಗೋಡೆಗುಂಟ ಸುತ್ತ ಆಡಿಸಿ ಎತ್ತಿದರೆ, ಅಚ್ಚಿನಿಂದ ಬಿಡಿಸಿದ ಹಾಗೆ ಇಡೀ ಗಡ್ಡೆ ಕೈಗೆ ಬಂತು. ಕುಂಡದ ಮೂಲೆಗಳ ತಿರುವು, ತಳದ ಬಲೆಯ ಚೌಕಳಿ ಎಲ್ಲವೂ ಬೇರಿನಲ್ಲಿ ಮೂಡಿದ್ದವು. ಅಡಿಯಲ್ಲಿ ಬೇರಿನದ್ದೇ ಒಂದು ಚಾಪೆ. ಮಣ್ಣು ಕಾಣಲೇ ಇಲ್ಲ.

ಆ ಚಾಪೆಯ ಅಂಚಿನಲ್ಲಿ ಒಂದು ಬೇರಿನ ತುದಿ ಹಿಡಿದು ಬಿಡಿಸುತ್ತಾ ಹೋದೆ. ಪೆನ್ಸಿಲ್ಲಿನ ಅರ್ಧ ದಪ್ಪ. ಗೋಡೆಗುಂಟ ಒಂದು ಸುತ್ತು, ಇನ್ನೊಂದು, ಮೂರನೆಯ ಸುತ್ತಿನ ಅರ್ಧಕ್ಕೆ ಬೊಡ್ಡೆ ಸೇರಿತು. ನೇರ ಮಾಡಿ ಹಿಡಿದರೆ ನನ್ನ ತೋಳಿಗಿಂತ ಉದ್ದ. ಮರದ ಎತ್ತರವೋ ಒಂದು ಮೊಳ! ಇಷ್ಟು ದೂರ ನಡೆದದ್ದು ಇದು, ನಡೆದದ್ದೆಲ್ಲ ಜೈಲಿನ ಅಂಗಳದೊಳಗೆ.

ಬಾಚುವ ಕೆಲಸಕ್ಕೆ ಒಂಟಿ ಕೊಕ್ಕೆ ಮತ್ತು ಮರದ ಕಡ್ಡಿ. ಬುಡದಿಂದ ಹೊರಕ್ಕೆ, ಸೈಕಲ್ ಚಕ್ರದ ಕಡ್ಡಿಗಳ ಹಾಗೆ. ಎಳೆಯಬಾರದು, ಬಿಡಿಸಬೇಕು. ಕೂದಲ ಸಿಕ್ಕು ಬಿಡಿಸಿದವರಿಗೆ ಈ ಕೆಲಸ ಗೊತ್ತೇ ಇದೆ: ಮೊದಲು ತುದಿ, ಆಮೇಲೆ ಬುಡ. ಪಕ್ಕದಲ್ಲಿ ಸ್ಪ್ರೇ ಬಾಟಲಿ ಇಟ್ಟುಕೊಂಡು ಐದೈದು ನಿಮಿಷಕ್ಕೆ ಬೇರಿಗೆ ನೀರು ಚಿಮುಕಿಸುತ್ತಿದ್ದೆ. ನೀರು ಹೀರುವುದು ಆ ಎಳೆಬೇರಿನ ತುದಿಯ ರೋಮಗಳು. ಅವು ಗಾಳಿಗೆ ಒಣಗಲು ಹೆಚ್ಚು ಹೊತ್ತು ಬೇಡ. ಹೊರವಲಯದ ಬೇರು ಚೆನ್ನಾಗಿತ್ತು, ಕಂದುಬಣ್ಣ, ತುದಿಯಲ್ಲಿ ಬಿಳುಪು. ಸಮಾಧಾನವಾಯಿತು.

ಒಳಗೆ ಹೋದ ಹಾಗೆ ವಾಸನೆ ಬಂತು. ಚರಂಡಿಯ ವಾಸನೆ.

ಬೊಡ್ಡೆಯ ನೇರ ಕೆಳಗೆ ಮುಷ್ಟಿಯಷ್ಟು ದೊಡ್ಡ, ಕಪ್ಪು, ಅಂಟಂಟು ಜೇಡಿಯ ಉಂಡೆ. ಮರ ಕೊಂಡಾಗ ಬಂದ ಮಣ್ಣು ಅದು. ಅಂದು ನಾನು ಆ ಉಂಡೆಯನ್ನು ಬಿಡಿಸುವ ಗೋಜಿಗೇ ಹೋಗದೆ ಹೊರಗಿನದನ್ನು ಸ್ವಲ್ಪ ಕೆರೆದು, ಸುತ್ತ ಹೊಸ ಕಾಳು ತುಂಬಿ ಕೈತೊಳೆದುಕೊಂಡಿದ್ದೆ. ಜುನಿಪರ್ ಸತ್ತ ಹೊಸತು, ಬೇರು ಮುಟ್ಟಲು ಭಯ. ಆ ಭಯದ ಫಲ ಈಗ ಕೈಯಲ್ಲಿತ್ತು. ಮೇಲೆ ಬರ, ನಡುವೆ ಕೆಸರು. ಉಂಡೆಯೊಳಗಿನ ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಸಿಪ್ಪೆ ಒದ್ದೆ ಕಾಗದದ ಹಾಗೆ ಜಾರಿ ಬೆರಳಿಗೆ ಬಂತು, ಬೇರಿನ ಜಾಗದಲ್ಲಿ ಒಂದು ತೆಳ್ಳನೆಯ ದಾರ ಉಳಿಯಿತು. ಕೊಳೆತ ಬೇರಿನ ಗುರುತು ಇದು. ಬದುಕಿರುವ ಬೇರಿನ ಸಿಪ್ಪೆ ಹೀಗೆ ಬಿಡುವುದಿಲ್ಲ.

ಕಡ್ಡಿಯಿಂದ ಕೆದಕಿ, ನೀರು ಚಿಮ್ಮಿಸಿ, ಮತ್ತೆ ಕೆದಕಿ ಆ ಉಂಡೆಯನ್ನು ಪೂರ್ತಿ ತೆಗೆಯುವಷ್ಟರಲ್ಲಿ ಮುಕ್ಕಾಲು ಗಂಟೆ. ಫೈಕಸ್ ಗಟ್ಟಿ ಜೀವ, ಇಷ್ಟನ್ನು ತಾಳಿಕೊಳ್ಳುತ್ತದೆ. ಪೈನ್‌ಗೋ ಜುನಿಪರ್‌ಗೋ ಒಂದೇ ಸಲ ಹೀಗೆ ಮಾಡಿದರೆ ಏನಾಗುತ್ತದೆ ಅನ್ನುವ ಅನುಭವ ನನಗಿದೆ.

ಇನ್ನು ಕತ್ತರಿ. ಕೊಳೆತದ್ದನ್ನು ಕತ್ತರಿಸುವುದಕ್ಕೆ ಯೋಚನೆಯೇ ಬೇಡ, ಬಿಳಿಯ ಗಟ್ಟಿ ಭಾಗ ಕಾಣುವವರೆಗೆ ಹಿಂದೆ ಹಿಂದೆ ಬಂದರಾಯಿತು. ಒಳ್ಳೆಯ ಬೇರು ಕತ್ತರಿಸುವಾಗಲೇ ಕೈ ನಡುಗುವುದು. ನೆಟ್ಟಗೆ ಕೆಳಕ್ಕೆ ಇಳಿದಿದ್ದ ಹೆಬ್ಬೆರಳು ದಪ್ಪದ ಒಂದು ಬೇರಿತ್ತು. ಕಾಡಿನಲ್ಲಾದರೆ ಮರವನ್ನು ಗಾಳಿಗೆ ನಿಲ್ಲಿಸುವ ಬೇರು. ತಟ್ಟೆಯಲ್ಲಿ ಅದಕ್ಕೆ ಕೆಲಸವಿಲ್ಲ, ಜಾಗ ಮಾತ್ರ ಬೇಕು. ಬಾಯಿ ಒಳಬಾಗಿದ ಕತ್ತರಿಯನ್ನು ಬುಡಕ್ಕಿಟ್ಟು ಒತ್ತಿದೆ. ಕತ್ತರಿಸಿದ ಕಡೆ ಹಾಲು ಉಕ್ಕಿ ಬೆರಳೆಲ್ಲ ಅಂಟಾಯಿತು. ಮೇಲೆ ಎಲೆ ಒಣಗುತ್ತಿದ್ದರೂ ಒಳಗೆ ಇಷ್ಟು ಹಾಲಿದೆಯಲ್ಲ ಎಂದು ಮನಸ್ಸಿಗೆ ಸ್ವಲ್ಪ ಹಗುರವೆನಿಸಿತು. ಕೊಳೆತದ್ದು, ಒಳ್ಳೆಯದು ಎಲ್ಲ ಸೇರಿ ಒಟ್ಟು ಬೇರಿನ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚೇ ಹೋಯಿತು. ಸುತ್ತಲೂ ಹಬ್ಬಿದ ಸಣ್ಣ ಬೇರುಗಳನ್ನು ಕುಂಡದ ಅಂಚಿಗೆ ಎರಡು ಬೆರಳು ಜಾಗ ಉಳಿಯುವಂತೆ ಮೊಟಕುಗೊಳಿಸಿದೆ.

ಇಲ್ಲೇ ಇನ್ನೊಂದು ತಪ್ಪು. ಬುಡದಿಂದ ಮಣ್ಣಿನ ಮೇಲೆ ಹರಡಿ ಕಾಣುವ ಬೇರುಗಳಿಗೆ ‘ನೆಬಾರಿ’ ಅನ್ನುತ್ತಾರೆ. ಮರಕ್ಕೆ ವಯಸ್ಸಿನ ಗಾಂಭೀರ್ಯ ಬರುವುದೇ ಅದರಿಂದ. ನನ್ನ ಮರದಲ್ಲಿ ಎಡಗಡೆ ಒಂದು ಒಳ್ಳೆಯ ನೆಬಾರಿ ಇತ್ತು. ಅದರ ಕೆಳಗಿನ ಬೇರು ಕತ್ತರಿಸಲು ಹೋಗಿ, ಕಣ್ಣು ಬೇರೆಲ್ಲೋ ಇಟ್ಟು, ಅದನ್ನೇ ಕತ್ತರಿಸಿದೆ. ಸದ್ದು ಕೇಳಿದ ಮೇಲೆ ನೋಡಿದ್ದು. ಕತ್ತರಿಸಿದ ಬೇರನ್ನು ಮತ್ತೆ ಅದರ ಜಾಗಕ್ಕೆ ಇಟ್ಟು ಎರಡು ನಿಮಿಷ ಹಿಡಿದುಕೊಂಡೆ. ಅದು ಕೂಡುವುದಿಲ್ಲವೆಂದು ಗೊತ್ತಿದ್ದೇ. ಇವತ್ತಿಗೂ ಮುಂದಿನಿಂದ ನೋಡಿದರೆ ಮರ ಎಡಗಾಲು ಎತ್ತಿ ನಿಂತ ಹಾಗೆ ಕಾಣುತ್ತದೆ.

ಕುಂಡ ಅದೇ ಆದ್ದರಿಂದ ತೊಳೆಯುವವರೆಗೆ ಬೇರಿಗೆ ಒದ್ದೆ ಬಟ್ಟೆ ಸುತ್ತಿಟ್ಟೆ. ತೂತುಗಳ ಮೇಲೆ ಬಲೆ, ಬಲೆ ಜರುಗದಂತೆ ಚಿಟ್ಟೆಯಾಕಾರಕ್ಕೆ ಬಗ್ಗಿಸಿದ ತಂತಿ, ಮರ ಕಟ್ಟಲು ಉದ್ದನೆಯ ಎರಡು ಅಲ್ಯೂಮಿನಿಯಂ ತಂತಿ. ನಡುವೆ ಕಾಳಿನ ಸಣ್ಣ ದಿಬ್ಬ ಮಾಡಿ, ಅದರ ಮೇಲೆ ಮರ ಇಟ್ಟು, ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಒತ್ತಿದರೆ ಬುಡದ ಕೆಳಗೆ ಟೊಳ್ಳು ಉಳಿಯುವುದಿಲ್ಲ. ಮರ ಕುಂಡದ ನಟ್ಟನಡುವೆ ಇರಬಾರದು, ಸ್ವಲ್ಪ ಒಂದು ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ. ಬುಡ ಕುಂಡದ ಅಂಚಿಗಿಂತ ಕೊಂಚ ಮೇಲೆ. ಆ ಜಾಗ ಹುಡುಕಲು ಹತ್ತು ಸಲ ಹಿಂದೆ ಸರಿದು ನೋಡಿ, ಹತ್ತು ಸಲ ಬಂದು ತಿರುಗಿಸಿದ್ದಾಯಿತು.

ಕಟ್ಟುವುದನ್ನು ಹೊಸಬರು ಲಘುವಾಗಿ ತೆಗೆದುಕೊಳ್ಳುತ್ತಾರೆ, ನಾನೂ ತೆಗೆದುಕೊಂಡಿದ್ದೆ. ಗಾಳಿಗೆ ಮರ ಕೂದಲೆಳೆ ಅಲುಗಿದರೂ ಆಗತಾನೇ ಹುಟ್ಟುತ್ತಿರುವ ಬೇರಿನ ತುದಿ ಮುರಿಯುತ್ತದೆ. ನಾಳೆ ಮತ್ತೆ ಹುಟ್ಟಬೇಕು, ಮತ್ತೆ ಮುರಿಯಬೇಕು. ತಂತಿ ಬೇರಿಗೆ ಕೊರೆಯದಂತೆ ನಡುವೆ ರಬ್ಬರ್ ತುಂಡಿಟ್ಟು, ಇಕ್ಕಳದಿಂದ ತಂತಿಯ ಗಂಟನ್ನು ಮೊದಲು ಮೇಲಕ್ಕೆ ಎಳೆದು ಆಮೇಲೆ ಹುರಿ ಹಾಕಿದೆ. ಬರೀ ಹುರಿ ಹಾಕುತ್ತಾ ಹೋದರೆ ತಂತಿ ತುಂಡಾಗುತ್ತದೆ, ಬಿಗಿಯಾಗುವುದಿಲ್ಲ. ಪರೀಕ್ಷೆ ಸುಲಭ: ಬೊಡ್ಡೆ ಹಿಡಿದು ಎತ್ತಿದರೆ ಕುಂಡವೂ ಜತೆಗೇ ಏಳಬೇಕು. ಎದ್ದಿತು.

ಆಮೇಲೆ ಕಾಳು ಸುರಿದು ಕಡ್ಡಿ ಆಡಿಸುವ ಕೆಲಸ. ಚುಚ್ಚುವುದಲ್ಲ, ಕಡ್ಡಿಯನ್ನು ಇಳಿಸಿ, ಗುಂಡಗೆ ತಿರುವುತ್ತಾ ಬೇರಿನ ನಡುವೆ ಕಾಳು ಇಳಿಯುವಂತೆ ಮಾಡುವುದು. ಟೊಳ್ಳಿದ್ದ ಕಡೆ ಕಡ್ಡಿ ಸಲೀಸಾಗಿ ಆಡುತ್ತದೆ. ತುಂಬಿಕೊಂಡ ಮೇಲೆ ಕಡ್ಡಿಗೆ ಎದುರು ಸಿಗುತ್ತದೆ, ಕಿರ್ರ್ ಅನ್ನುವ ಸದ್ದೂ ಬದಲಾಗುತ್ತದೆ. ಬುಡದ ಹಿಂಭಾಗದಲ್ಲಿ ಒಂದು ಕಡೆ ಎಷ್ಟು ಸುರಿದರೂ ನುಂಗುತ್ತಲೇ ಇತ್ತು. ಕೊಳೆತ ಉಂಡೆ ಇದ್ದ ಜಾಗ ಅದು. ಮೂರು ಹಿಡಿ ಕಾಳು ನುಂಗಿದ ಮೇಲೆ ನಿಂತಿತು.

ನೀರು ಹಾಕಿದೆ. ಅಡಿಯಿಂದ ಮೊದಲು ಕೆನ್ನೀರು, ಆಮೇಲೆ ಕಲಗಚ್ಚು, ಆಮೇಲೆ ತಿಳಿ. ತಿಳಿಯಾಗುವವರೆಗೂ ನಿಲ್ಲಿಸಬಾರದು, ಉಳಿದ ಧೂಳು ಹೋಗುವುದೇ ಆಗ. ಕೊನೆಯ ಸಲ ಹಾಕಿ ಎಣಿಸಿದೆ. ನಾಲ್ಕು. ಐದಕ್ಕೆ ಮೇಲೆ ನೀರಿರಲಿಲ್ಲ.

ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ನೆರಳಲ್ಲಿ, ಗಾಳಿ ಬಡಿಯದ ಮೂಲೆಯಲ್ಲಿಟ್ಟು, ಗೊಬ್ಬರ ಕೊಡದೆ, ಏನನ್ನೂ ಮಾಡದೆ ಇರಬೇಕು. ಏನನ್ನೂ ಮಾಡದಿರುವುದು ನನಗೆ ಬರುವುದಿಲ್ಲ. ಐದನೇ ದಿನ ಎಲೆ ಉದುರತೊಡಗಿತು. ಹನ್ನೆರಡನೇ ದಿನದ ಹೊತ್ತಿಗೆ ಕುಂಡದ ಸುತ್ತ ಆಯ್ದ ಎಲೆ 43. ಪ್ರತಿ ಎಲೆಗೂ ನೀರಿನ ಕ್ಯಾನಿನ ಕಡೆ ಕೈ ಹೋಗುತ್ತಿತ್ತು. ಬೇರು ಕಡಿಮೆಯಾದ ಮರ ನೀರು ಕುಡಿಯುವುದೂ ಕಡಿಮೆ, ಈಗ ಹೆಚ್ಚು ನೀರು ಕೊಟ್ಟರೆ ಅದೇ ಕೊಳೆ ಮತ್ತೆ. ಕೈ ಕಟ್ಟಿಹಾಕಲು ಒಂದು ಉಪಾಯ ಮಾಡಿದೆ. ಕುಂಡದಲ್ಲಿ ಒಂದು ಮರದ ಕಡ್ಡಿ ಚುಚ್ಚಿಟ್ಟೆ, ಬೆಳಿಗ್ಗೆ ಅದನ್ನು ತೆಗೆದು ಕೆನ್ನೆಗೆ ಮುಟ್ಟಿಸಿಕೊಂಡು ನೋಡುವುದು. ತಣ್ಣಗಿದ್ದರೆ ನೀರು ಹಾಕುವಂತಿಲ್ಲ. ಬೆರಳಿಗಿಂತ ಕೆನ್ನೆ ನಂಬಿಕಸ್ಥ.

ಹದಿನೈದನೇ ದಿನ ತಡೆಯಲಾಗದೆ ಒಂದು ಕೊಂಬೆಯ ಸಿಪ್ಪೆಯನ್ನು ಉಗುರಿನಿಂದ ಸಾಸಿವೆಯಷ್ಟು ಕೆರೆದೆ. ಕೆಳಗೆ ಹಸಿರು. ಹತ್ತೊಂಬತ್ತನೇ ದಿನ ತುದಿಯ ಮೊಗ್ಗಿನ ಚೂಪು ಟೊಪ್ಪಿಗೆ ಕಳಚಿ ಮಣ್ಣಿನ ಮೇಲೆ ಬಿದ್ದಿತ್ತು. ಫೈಕಸ್‌ಗೆ ಪ್ರತಿ ಎಲೆಯ ಮೊದಲೂ ಅಂಥದೊಂದು ಹೊದಿಕೆ ಇರುತ್ತದೆ, ಎಲೆ ಬಿಚ್ಚುವಾಗ ಉದುರುತ್ತದೆ. ಎಂಟನೇ ವಾರಕ್ಕೆ ಮರದ ತುಂಬ ಎಲೆ. ಎಂಥ ಎಲೆ ಅಂತೀರಿ, ಹಳೆಯದರ ಎರಡರಷ್ಟು ದೊಡ್ಡವು, ಮಿರಮಿರ ಮಿಂಚುವವು! ಬೋನ್ಸಾಯ್ ಕಣ್ಣಲ್ಲಿ ನೋಡಿದರೆ ಶುದ್ಧ ಒರಟು. ಎಲೆ ಸಣ್ಣದಾಯಿತೆಂದು ಹಿಗ್ಗಿದ್ದವನು ಈಗ ಎಲೆ ದೊಡ್ಡದಾಯಿತೆಂದು ಹಿಗ್ಗಿ ನಾಲ್ಕು ಜನರಿಗೆ ಫೋಟೋ ಕಳಿಸಿದೆ. ಯಾರಿಗೂ ಅದರಲ್ಲಿ ಏನು ವಿಶೇಷವೆಂದು ತಿಳಿದಂತಿಲ್ಲ.

ಈ ಧೈರ್ಯದಲ್ಲೇ ಮುಂದಿನ ವಸಂತದ ಆರಂಭಕ್ಕೆ ಜುನಿಪರ್‌ಗೆ ಕೈ ಹಾಕಿದೆ. ಹೌದು, ಮತ್ತೊಂದು ಜುನಿಪರ್ ತಂದಿದ್ದೆ, ಎರಡು ವರ್ಷ ಬೇರು ಮುಟ್ಟದೆ ಇಟ್ಟುಕೊಂಡಿದ್ದೆ. ಈ ಸಲ ಅರ್ಧ ಮಾತ್ರ. ಗಡ್ಡೆಯನ್ನು ನಡುವಿನಿಂದ ಎರಡು ಪಾಲು ಎಂದು ಲೆಕ್ಕ ಹಾಕಿ, ಬಲಗಡೆಯ ಹಳೆ ಮಣ್ಣನ್ನು ಬುಡದವರೆಗೆ ಬಿಡಿಸಿ ತೆಗೆದು ಹೊಸ ಕಾಳು ತುಂಬಿದೆ. ಎಡಗಡೆಯ ಬೇರು, ಮಣ್ಣು ಹೇಗಿತ್ತೋ ಹಾಗೇ. ಬಲಪಾಲು ಚೇತರಿಸಿಕೊಳ್ಳುವವರೆಗೆ ಎಡಪಾಲು ಮನೆ ನಡೆಸಬೇಕು. ಮೇಲಿನ ಹಸಿರಿಗೆ ಕತ್ತರಿ ಮುಟ್ಟಿಸಲಿಲ್ಲ, ಜುನಿಪರ್‌ನ ಬಲ ಇರುವುದೇ ಹಸಿರಿನಲ್ಲಿ. ಎರಡು ವರ್ಷ ಕಳೆದು ಎಡಪಾಲಿನ ಸರದಿ ಬಂದಾಗ ಯಾವ ಪಾಲು ಆಗಿದೆ ಅನ್ನುವುದು ನನಗೆ ನೆನಪಿರುವುದಿಲ್ಲ. ಅದಕ್ಕೇ ಎಡ ಅಂಚಿನಲ್ಲಿ ಒಂದು ತುಂಡು ತಂತಿ ಸಿಕ್ಕಿಸಿಟ್ಟಿದ್ದೇನೆ.

ಇವತ್ತಿಗೆ 38ನೇ ದಿನ. ಮರ ಹಸಿರಾಗಿದೆ. ಆ ಹಸಿರಿನ ಮಾತು ನಾನು ನಂಬುವುದಿಲ್ಲ, ಹಿಂದೆ ಒಮ್ಮೆ ನಂಬಿ ಕೆಟ್ಟಿದ್ದೇನೆ. ಬೆಳಿಗ್ಗೆ ನೀರು ಹಾಕಿ, ಆರು ಎಣಿಸಿ, ಭೂತಗನ್ನಡಿ ಹಿಡಿದು ತುದಿಗಳನ್ನು ಒಂದೊಂದಾಗಿ ನೋಡುತ್ತೇನೆ. ಬಲಗಡೆಯ ಕೆಳಕೊಂಬೆಯ ಒಂದು ತುದಿಯಲ್ಲಿ, ಉಳಿದ ಹಸಿರಿಗಿಂತ ಒಂದು ಛಾಯೆ ತಿಳಿಯಾದ, ಎಳ್ಳಿನ ಮೊನೆಯಷ್ಟು ಏನೋ ನಿನ್ನೆಯಿಂದ ಕಾಣುತ್ತಿದೆ. ಬೆರಳಿಂದ ಮುಟ್ಟಿ ನೋಡಿಲ್ಲ.